ಸಲಿಂಗಿ ಆಟಗಾರರು ಮತ್ತು ತಂಡದ ಆಟ: ಒಪ್ಪಿಕೊಳ್ಳುವುದು ಎಂದರೆ ಏನು?

2025ರ ಅಕ್ಟೋಬರ್ 29ರಂದು ಗುವಾಹಟಿಯಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್‌ನ ಒಂದು ಸೆಮಿಫೈನಲ್ ನಡೆಯಿತು. ಇಂಗ್ಲೆಂಡಿನ ನಾಯಕಿ ನ್ಯಾಟ್ ಸಿವರ್-ಬ್ರಂಟ್. ಎದುರು ತಂಡ ದಕ್ಷಿಣ ಆಫ್ರಿಕಾದಲ್ಲಿ ಮರಿಜಾನ್ ಕಾಪ್. ಕಾಪ್ ಆ ದಿನ 20 ರನ್ ಕೊಟ್ಟು 5 ವಿಕೆಟ್ ಕಿತ್ತರು, ದಕ್ಷಿಣ ಆಫ್ರಿಕಾ ಫೈನಲ್ ಸೇರಿತು. ಫೈನಲ್‌ನಲ್ಲಿ ಭಾರತ ಗೆದ್ದು ಕಪ್ ಎತ್ತಿದ್ದು ಎಲ್ಲರಿಗೂ ಗೊತ್ತಿದೆ.

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲೂ ಆ ಪಂದ್ಯಾಟಗಳನ್ನು ಜನ ಒಟ್ಟಿಗೆ ಕೂತು ನೋಡಿದರು. ಅಜ್ಜಿಯಂದಿರು ಕೂಡ ಸ್ಮೃತಿ, ಹರ್ಮನ್ ಹೆಸರು ಹಿಡಿದು ಮಾತಾಡಿದರು. ಜೊತೆಗೆ ಮಕ್ಕಳಿಂದ ಒಂದು ಪ್ರಶ್ನೆಯೂ ಬಂತು. ಸಿವರ್-ಬ್ರಂಟ್ ಅಂತ ಎರಡು ಹೆಸರು ಯಾಕೆ? ಉತ್ತರ ಸರಳ. ಬ್ರಂಟ್ ಎನ್ನುವುದು ಅವರ ಪತ್ನಿಯ ಮನೆತನದ ಹೆಸರು. ಪತ್ನಿ ಕ್ಯಾಥರೀನ್ ಕೂಡ ಇಂಗ್ಲೆಂಡಿಗೆ ಆಡಿದ ವೇಗದ ಬೌಲರ್. ಇಬ್ಬರೂ 2022ರಲ್ಲಿ ಮದುವೆಯಾದರು. ಕಾಪ್ ಅವರ ಪತ್ನಿ ಡೇನ್ ವ್ಯಾನ್ ನೀಕರ್ಕ್, ಅದೇ ದಕ್ಷಿಣ ಆಫ್ರಿಕಾ ತಂಡದ ಮಾಜಿ ನಾಯಕಿ. ಅವರ ಮದುವೆ ಆದದ್ದು 2018ರಲ್ಲಿ.

ಇಷ್ಟು ಹೇಳಿದ ಮೇಲೆ ದೊಡ್ಡವರೇ ಗಲಿಬಿಲಿಯಾಗುತ್ತಾರೆ. ಹಾಗಾದರೆ ಗಂಡಸರ ತಂಡಗಳಲ್ಲಿ ಇಂಥವರು ಇಲ್ವಾ? ಇದ್ದರೆ ಯಾಕೆ ಹೇಳುವುದಿಲ್ಲ? ಹೇಳಿದರೆ ಏನಾಗುತ್ತದೆ? ಮಕ್ಕಳ ಮುಂದೆ ಮಾತು ತೇಲಿಸುವ ಬದಲು ಇದನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಒಂದೆರಡು ಪದ

ತನ್ನದೇ ಲಿಂಗದವರ ಮೇಲೆ ಪ್ರೀತಿ, ಆಕರ್ಷಣೆ ಇರುವವರನ್ನು ಸಲಿಂಗಿ ಎನ್ನುತ್ತೇವೆ. ಗಂಡಸಿಗೆ ಗಂಡಸಿನ ಮೇಲೆ, ಹೆಂಗಸಿಗೆ ಹೆಂಗಸಿನ ಮೇಲೆ. ಇಬ್ಬರ ಮೇಲೂ ಆಕರ್ಷಣೆ ಇರುವವರು ದ್ವಿಲಿಂಗಿಗಳು. ಇದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ನಮ್ಮ ದೇಶದ ಮನೋವೈದ್ಯರ ಸಂಘವೂ ಇದು ಕಾಯಿಲೆಯಲ್ಲ ಎಂದು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇದರ ಜೊತೆ ಬೆರೆಸಬಾರದ ಇನ್ನೊಂದು ವಿಷಯ ಇದೆ. ಟ್ರಾನ್ಸ್‌ಜೆಂಡರ್ ಆಟಗಾರರು ಯಾವ ವಿಭಾಗದಲ್ಲಿ ಆಡಬೇಕು ಎನ್ನುವ ಚರ್ಚೆ ಅದು. ಅಲ್ಲಿರುವುದು ಅರ್ಹತೆಯ ನಿಯಮಗಳ ಪ್ರಶ್ನೆ. 2023ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅದಕ್ಕೆ ಬೇರೆ ನಿಯಮವನ್ನೇ ಮಾಡಿತು. ಸಲಿಂಗಿ ಆಟಗಾರನ ವಿಷಯದಲ್ಲಿ ಅಂಥ ನಿಯಮ ಏನೂ ಇಲ್ಲ. ಅವನು ಗಂಡಸರ ತಂಡದಲ್ಲಿ ಆಡುವ ಗಂಡಸು, ಅಷ್ಟೇ. ಉಳಿಯುವುದು ಸುತ್ತಲಿನವರು ಅವನನ್ನು ಹೇಗೆ ನೋಡುತ್ತಾರೆ ಎನ್ನುವ ಪ್ರಶ್ನೆ.

ತಂಡದ ಆಟದಲ್ಲಿ ಯಾಕೆ ಜಾಸ್ತಿ ಕಷ್ಟ?

ಓಟಗಾರ್ತಿ ದ್ಯುತಿ ಚಂದ್ 2019ರ ಮೇ ತಿಂಗಳಲ್ಲಿ, ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ ಎಂದು ಬಹಿರಂಗವಾಗಿ ಹೇಳಿದರು. ಒಡಿಶಾದ ನೇಕಾರರ ಮನೆಯ ಹುಡುಗಿ. ಹಾಗೆ ಹೇಳಿದ ಮೊದಲ ಭಾರತೀಯ ಕ್ರೀಡಾಪಟು ಅವರೇ. ಮನೆಯೊಳಗೇ ವಿರೋಧ ಬಂತು. ಆದರೆ ಎರಡೇ ತಿಂಗಳಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದ 100 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಓಟದಲ್ಲಿ ತೀರ್ಪು ಕೊಡುವುದು ಗಡಿಯಾರ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ.

ತಂಡದಲ್ಲಿ ಹಾಗಲ್ಲ. ಯಕ್ಷಗಾನ ಮೇಳದ ತಿರುಗಾಟ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ದೀಪಾವಳಿಯ ಆಸುಪಾಸಿಗೆ ಹೊರಟ ಮೇಳ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೂ ಅದೇ ಜನ. ಒಂದೇ ಚೌಕಿಯಲ್ಲಿ ಬಣ್ಣ ಹಚ್ಚಬೇಕು, ಒಟ್ಟಿಗೆ ಉಣ್ಣಬೇಕು, ಒಂದೇ ಗಾಡಿಯಲ್ಲಿ ಮುಂದಿನ ಊರಿಗೆ ಹೋಗಬೇಕು. ಯಾರಿಗೆ ಯಾವ ವೇಷ ಎಂದು ಹೇಳುವವರು ಭಾಗವತರು. ರಂಗದ ಮೇಲೆ ಎದುರಿನ ವೇಷಧಾರಿ ಮಾತಿಗೆ ಮಾತು ಕೊಡದಿದ್ದರೆ ಎಂಥ ಕಲಾವಿದನೂ ಮಂಕಾಗುತ್ತಾನೆ. ವೃತ್ತಿಪರ ತಂಡವೂ ಹೀಗೆಯೇ. ಆಡುವ ಹನ್ನೊಂದರಲ್ಲಿ ಜಾಗ ಕೊಡುವವನು ಕೋಚ್. ಪಾಸ್ ಕೊಡುವವನು ಜೊತೆಗಾರ. ಮುಂದಿನ ವರ್ಷದ ಒಪ್ಪಂದಕ್ಕೆ ಸಹಿ ಹಾಕುವವನು ಮಾಲೀಕ. ಇವರಲ್ಲಿ ಒಬ್ಬರ ಮನಸ್ಸು ಕೆಟ್ಟರೂ ಆಟಗಾರನ ಅನ್ನಕ್ಕೆ ಕುತ್ತು. ಅದೂ ಯಾರೂ ಬಾಯಿಬಿಟ್ಟು ಕಾರಣ ಹೇಳುವುದಿಲ್ಲ. "ಫಾರ್ಮ್ ಇಲ್ಲ" ಎಂದರೆ ಮುಗಿಯಿತು.

ಆಟದ ಆಯಸ್ಸೂ ಕಡಿಮೆ. ಹತ್ತು ಹನ್ನೆರಡು ವರ್ಷ ಆಡಿದರೆ ದೊಡ್ಡದು. ಹಾಗಾಗಿ ಹೆಚ್ಚಿನವರು ಲೆಕ್ಕ ಹಾಕಿ ಸುಮ್ಮನಿರುತ್ತಾರೆ. ಜರ್ಮನಿಗೆ 52 ಪಂದ್ಯ ಆಡಿದ ಫುಟ್‌ಬಾಲ್ ಆಟಗಾರ ಥಾಮಸ್ ಹಿಟ್ಸಲ್‌ಸ್ಪರ್ಗರ್ ಬಾಯಿಬಿಟ್ಟದ್ದು 2014ರ ಜನವರಿಯಲ್ಲಿ, ಆಟದಿಂದ ನಿವೃತ್ತಿಯಾದ ಮೇಲೆ.

ಜಸ್ಟಿನ್ ಫಶಾನು: ಎಲ್ಲರೂ ಹೆದರಿದ ಕಥೆ

ಈ ಮೌನದ ಹಿಂದೆ ಒಬ್ಬ ಮನುಷ್ಯನ ಬದುಕಿದೆ.

ಜಸ್ಟಿನ್ ಫಶಾನು ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ. 1980ರಲ್ಲಿ ನಾರ್ವಿಚ್ ಪರವಾಗಿ ಲಿವರ್‌ಪೂಲ್ ವಿರುದ್ಧ ಅವರು ಹೊಡೆದ ಗೋಲು ಆ ಋತುವಿನ ಅತ್ಯುತ್ತಮ ಗೋಲಾಯಿತು. ಮರುವರ್ಷ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅವರನ್ನು 10 ಲಕ್ಷ ಪೌಂಡಿಗೆ ಕೊಂಡಿತು. ಅಷ್ಟು ಬೆಲೆ ಬಂದ ಮೊದಲ ಕಪ್ಪು ಆಟಗಾರ ಅವರು. ಆಗ ಅವರಿಗೆ ಇಪ್ಪತ್ತು ವರ್ಷ. ಫಶಾನು ಸಲಿಂಗಿಗಳ ಕ್ಲಬ್ಬಿಗೆ ಹೋಗುತ್ತಾರೆ ಎನ್ನುವ ಸುದ್ದಿ ಅಲ್ಲಿನ ಮ್ಯಾನೇಜರ್ ಬ್ರಯಾನ್ ಕ್ಲಫ್ ಕಿವಿಗೆ ಬಿತ್ತು. ತಂಡದ ಜೊತೆ ಅಭ್ಯಾಸ ಮಾಡಬಾರದು ಎಂದು ತಡೆದರು. ದೇಶವೇ ಹೊಗಳಿದ ಹುಡುಗ ತನ್ನದೇ ಮೈದಾನದಲ್ಲಿ ಪರಕೀಯನಾದ.

1990ರ ಅಕ್ಟೋಬರ್‌ನಲ್ಲಿ ಫಶಾನು ತಾನು ಸಲಿಂಗಿ ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅವರ ತಮ್ಮ ಜಾನ್ ಕೂಡ ಹೆಸರಾಂತ ಫುಟ್‌ಬಾಲ್ ಆಟಗಾರ. ತಮ್ಮನೇ ಅಣ್ಣನನ್ನು ಎಲ್ಲರೆದುರು ತಳ್ಳಿಹಾಕಿದರು. ಆಮೇಲೆ ಫಶಾನು ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಆಡಿಕೊಂಡು ಊರೂರು ಅಲೆದರು. 1998ರಲ್ಲಿ ಅಮೆರಿಕದಲ್ಲಿ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಇಂಗ್ಲೆಂಡಿಗೆ ಮರಳಿದ ಅವರು ಆ ಮೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡರು. ವಯಸ್ಸು 37.

ಅವರ ನಂತರ ಬ್ರಿಟನ್ನಿನಲ್ಲಿ ಆಡುತ್ತಿರುವಾಗಲೇ ಹೇಳಿಕೊಂಡ ಇನ್ನೊಬ್ಬ ವೃತ್ತಿಪರ ಫುಟ್‌ಬಾಲ್ ಆಟಗಾರ ಬಂದದ್ದು 2022ರ ಮೇ ತಿಂಗಳಲ್ಲಿ. ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, ಹದಿನೇಳರ ಹುಡುಗ. ನಡುವೆ 30 ವರ್ಷಕ್ಕಿಂತ ಹೆಚ್ಚು ಕಾಲ. ಅಷ್ಟು ವರ್ಷ ಅಲ್ಲಿ ಸಲಿಂಗಿ ಆಟಗಾರರೇ ಇರಲಿಲ್ಲ ಎಂದು ನಂಬುವುದು ಕಷ್ಟ.

ಒಳಗಿನವರು ಒಪ್ಪಿದಾಗ

"ಒಂದೇ ಡ್ರೆಸ್ಸಿಂಗ್ ರೂಮ್, ಒಂದೇ ಸ್ನಾನದ ಕೋಣೆ, ಬೇರೆಯವರಿಗೆ ಮುಜುಗರ ಅಲ್ವಾ?" ಎಲ್ಲ ದೇಶಗಳಲ್ಲೂ ಜನ ಮೊದಲು ಕೇಳುವುದು ಇದನ್ನೇ. ನಡೆದುಹೋದ ಸಂಗತಿಗಳನ್ನೇ ನೋಡೋಣ.

ಗ್ಯಾರೆತ್ ಥಾಮಸ್ ವೇಲ್ಸ್ ರಗ್ಬಿ ತಂಡಕ್ಕೆ ನೂರು ಪಂದ್ಯ ಆಡಿದವರು, ನಾಯಕರಾಗಿದ್ದವರು. ರಗ್ಬಿ ಎಂದರೆ ಮೈಗೆ ಮೈ ತಾಗಿಸಿ, ಎತ್ತಿ ಒಗೆದು ಆಡುವ ಆಟ. 2006ರಲ್ಲಿ ಅವರ ಮದುವೆ ಮುರಿಯಿತು. ಒಂದು ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಕುಸಿದು ಅಳುತ್ತಿದ್ದುದನ್ನು ಕೋಚ್ ಸ್ಕಾಟ್ ಜಾನ್ಸನ್ ಕಂಡರು. ಥಾಮಸ್ ಅವರಲ್ಲಿ ಎಲ್ಲ ಹೇಳಿಕೊಂಡರು. ಒಬ್ಬನೇ ಹೊರುವ ಭಾರ ಇದಲ್ಲ ಎಂದು ಜಾನ್ಸನ್‌ಗೆ ಅನ್ನಿಸಿತು. ತಂಡದ ಇಬ್ಬರು ಹಿರಿಯರು, ಸ್ಟೀಫನ್ ಜೋನ್ಸ್ ಮತ್ತು ಮಾರ್ಟಿನ್ ವಿಲಿಯಮ್ಸ್, ವಿಷಯ ತಿಳಿದುಕೊಂಡರು. ಅವರು ಬಂದು ಥಾಮಸ್‌ರ ಬೆನ್ನು ತಟ್ಟಿದರು. ದೊಡ್ಡ ಭಾಷಣ ಏನೂ ಆಗಲಿಲ್ಲ. ಹೊರಜಗತ್ತಿಗೆ ಗೊತ್ತಾದದ್ದು ಮೂರು ವರ್ಷದ ನಂತರ, 2009ರ ಡಿಸೆಂಬರ್‌ನಲ್ಲಿ, ಥಾಮಸ್ ತಾವಾಗಿಯೇ ಹೇಳಿದಾಗ.

ಅಮೆರಿಕದ ಮೈಕಲ್ ಸ್ಯಾಮ್ 2013ರಲ್ಲಿ ಮಿಜೌರಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟ) ತಂಡದಲ್ಲಿದ್ದರು. ಋತು ಶುರುವಾಗುವ ಮುಂಚೆಯೇ ತಂಡದವರಿಗೆ ತಾನು ಸಲಿಂಗಿ ಎಂದು ತಿಳಿಸಿದರು. ದೊಡ್ಡ ತಂಡ ಅದು. ಋತು ಮುಗಿಯುವವರೆಗೂ ಮಾತು ಹೊರಗೆ ಹೋಗಲಿಲ್ಲ. ಆ ವರ್ಷ ತಂಡ 14 ಪಂದ್ಯಗಳಲ್ಲಿ 12 ಗೆದ್ದಿತು. ಒಬ್ಬನ ವಿಷಯ ಗೊತ್ತಾದರೆ ತಂಡ ಒಡೆಯುತ್ತದೆ ಎನ್ನುವ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. 2014ರಲ್ಲಿ ಅವರು ಜಗತ್ತಿಗೇ ಹೇಳಿದರು. ವೃತ್ತಿಪರ ತಂಡಗಳ ಆಯ್ಕೆಯಲ್ಲಿ ತೀರಾ ಕೊನೆಗೆ, 249ನೆಯವರಾಗಿ ಆಯ್ಕೆಯಾದರು. ಆ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಒಂದೇ ಒಂದು ಲೀಗ್ ಪಂದ್ಯ ಆಡಲೂ ಅವಕಾಶ ಸಿಗಲಿಲ್ಲ. ಆಟ ಸಾಲದಾಯಿತೋ, ತಂಡಗಳು ಹಿಂಜರಿದವೋ ಎಂದು ಇವತ್ತಿಗೂ ಜನ ವಾದ ಮಾಡುತ್ತಾರೆ.

ಅದೇ ಲೀಗ್‌ನಲ್ಲಿ ಏಳು ವರ್ಷದ ನಂತರ ಬೇರೆಯದೇ ನಡೆಯಿತು. 2021ರ ಜೂನ್‌ನಲ್ಲಿ ಲಾಸ್ ವೇಗಸ್ ರೈಡರ್ಸ್ ತಂಡದ ಕಾರ್ಲ್ ನಾಸಿಬ್ ತನ್ನ ಮನೆಯಂಗಳದಿಂದ ಸಣ್ಣ ವಿಡಿಯೋ ಮಾಡಿ ಹೇಳಿದರು. ಸಲಿಂಗಿ ಮಕ್ಕಳ ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಒಂದು ಲಕ್ಷ ಡಾಲರ್ ಕೊಟ್ಟರು. ಅವರ ಹೆಸರಿನ ಜರ್ಸಿ ಬಿಸಿಬಿಸಿಯಾಗಿ ಮಾರಾಟವಾಯಿತು. ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಎದುರಾಳಿಯ ಕೈಯಿಂದ ಚೆಂಡು ಉದುರಿಸಿದವರು ಅವರೇ. ತಂಡ ಗೆದ್ದಿತು. ಸ್ಪಾನ್ಸರುಗಳು ಓಡಿಹೋಗುತ್ತಾರೆ ಎನ್ನುವ ಹಳೆಯ ಲೆಕ್ಕವೂ ಅಷ್ಟರಮಟ್ಟಿಗೆ ಸುಳ್ಳಾಯಿತು.

ಬಾಸ್ಕೆಟ್‌ಬಾಲ್‌ನಲ್ಲಿ ಜೇಸನ್ ಕಾಲಿನ್ಸ್ (2013), ಕ್ರಿಕೆಟ್‌ನಲ್ಲಿ ಇಂಗ್ಲೆಂಡಿನ ವಿಕೆಟ್‌ಕೀಪರ್ ಸ್ಟೀವನ್ ಡೇವಿಸ್ (2011), ಆಸ್ಟ್ರೇಲಿಯದ ಫುಟ್‌ಬಾಲ್‌ನಲ್ಲಿ ಜೋಶ್ ಕವಾಲೊ (2021), ಝೆಕ್ ದೇಶದ ಯಾಕುಬ್ ಯಾಂಕ್ಟೊ (2023) ಇದೇ ಸಾಲಿನವರು. ಜೇಕ್ ಡೇನಿಯಲ್ಸ್‌ಗೆ ಧೈರ್ಯ ಬಂದದ್ದು ಕವಾಲೊರಂಥವರನ್ನು ನೋಡಿ. ಒಬ್ಬರು ಹೇಳಿದರೆ ಇನ್ನೊಬ್ಬರಿಗೆ ದಾರಿ ಕಾಣುತ್ತದೆ.

ಅರ್ಧದಲ್ಲಿ ಬಿಟ್ಟ ಪಂದ್ಯ

ಒಪ್ಪಿಕೊಳ್ಳುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಒಂದು ರಾತ್ರಿಯನ್ನು.

2020ರ ಸೆಪ್ಟೆಂಬರ್ 30. ಅಮೆರಿಕದ ಸ್ಯಾನ್ ಡಿಯಾಗೋ ಲಾಯಲ್ ತಂಡಕ್ಕೆ ಫೀನಿಕ್ಸ್ ತಂಡದ ವಿರುದ್ಧ ಫುಟ್‌ಬಾಲ್ ಪಂದ್ಯ. ಗೆದ್ದರೆ ಮುಂದಿನ ಹಂತದ ಆಸೆ ಜೀವಂತ. ತಂಡದಲ್ಲಿದ್ದ ಕಾಲಿನ್ ಮಾರ್ಟಿನ್ 2018ರಲ್ಲೇ ತಾನು ಸಲಿಂಗಿ ಎಂದು ಹೇಳಿದ್ದವರು. ಮೊದಲರ್ಧ ಮುಗಿಯುವ ಹೊತ್ತಿಗೆ ಎದುರಾಳಿಯೊಬ್ಬ ತನ್ನನ್ನು ಹೊಲಸು ಪದದಿಂದ ಹೀಯಾಳಿಸಿದ ಎಂದು ಮಾರ್ಟಿನ್ ರೆಫ್ರಿಗೆ ಹೇಳಿದರು. ರೆಫ್ರಿಗೆ ಆ ಪದ ಗೊತ್ತಿರಲಿಲ್ಲ. ತನಗೇ ಬೈದರೆಂದು ತಿಳಿದು ಮಾರ್ಟಿನ್‌ಗೇ ಕೆಂಪು ಕಾರ್ಡ್ ತೋರಿಸಿದರು. ಆಮೇಲೆ ಅದನ್ನು ಹಿಂದೆಗೆದುಕೊಂಡರು.

ಲಾಯಲ್ ಆಗ 3–1ರಲ್ಲಿ ಮುಂದಿತ್ತು. ಕೋಚ್ ಲ್ಯಾಂಡನ್ ಡೊನೊವನ್ ರೆಫ್ರಿ ಹತ್ತಿರವೂ ಎದುರಾಳಿ ಕೋಚ್ ಹತ್ತಿರವೂ ಹೋದರು. ಹೀಯಾಳಿಸಿದವನನ್ನು ಹೊರಗಿಡಿ ಎಂದರು. ಆಗಲಿಲ್ಲ. ಎರಡನೇ ಅರ್ಧದ ಸೀಟಿ ಊದಿದ ಕೂಡಲೇ ಲಾಯಲ್ ಆಟಗಾರರು ಮೊಣಕಾಲೂರಿ ಕೂತರು, ಎದ್ದರು, ಒಟ್ಟಾಗಿ ಮೈದಾನದಿಂದ ಹೊರಗೆ ನಡೆದರು. ಗೆಲ್ಲುತ್ತಿದ್ದ ಪಂದ್ಯ ಕೈಬಿಟ್ಟು ಹೋಯಿತು. ಋತುವೂ ಅಲ್ಲಿಗೇ ಮುಗಿಯಿತು. ಆರೋಪ ಹೊತ್ತ ಆಟಗಾರ ತಾನು ಹಾಗೆ ಹೇಳಿಲ್ಲ ಎಂದ. ಆದರೂ ಲೀಗ್ ವಿಚಾರಣೆ ಮಾಡಿ ಅವನನ್ನು ಆರು ಪಂದ್ಯಗಳಿಂದ ಹೊರಗಿಟ್ಟಿತು.

ಹುಡುಗಿಯರ ತಂಡಗಳಲ್ಲಿ ಸಲೀಸು ಯಾಕೆ?

2019ರ ಫುಟ್‌ಬಾಲ್ ವಿಶ್ವಕಪ್‌ನ ಅತ್ಯುತ್ತಮ ಆಟಗಾರ್ತಿ ಮೇಗನ್ ರಪಿನೊ ಬಹಿರಂಗವಾಗಿ ಸಲಿಂಗಿ. ಆಸ್ಟ್ರೇಲಿಯದ ಬೌಲರ್ ಮೇಗನ್ ಶುಟ್, ನ್ಯೂಜಿಲೆಂಡಿನ ಏಮಿ ಸ್ಯಾಟರ್ತ್‌ವೇಟ್, ಲೀ ತಹುಹು, ಹೀಗೆ ಹೆಸರುಗಳು ಸಿಗುತ್ತಾ ಹೋಗುತ್ತವೆ. 2023ರಲ್ಲಿ ನಮ್ಮದೇ ಡಬ್ಲ್ಯುಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) ಹರಾಜಿನಲ್ಲಿ ಮುಂಬೈ ತಂಡ ನ್ಯಾಟ್ ಸಿವರ್-ಬ್ರಂಟ್‌ಗೆ 3.2 ಕೋಟಿ ರೂಪಾಯಿ ಕೊಟ್ಟಿತು. ಪತ್ನಿ ಯಾರು ಎಂದು ಹರಾಜಿನಲ್ಲಿ ಯಾರೂ ಕೇಳಲಿಲ್ಲ.

ಕಾರಣ ಸ್ವಲ್ಪ ಕಹಿ. ಆಟಕ್ಕೆ ಇಳಿದ ಹುಡುಗಿಯನ್ನು ಸಮಾಜ ಮೊದಲಿನಿಂದಲೂ ಗಂಡುಬೀರಿ ಎಂದೇ ಕರೆದಿದೆ. ಮೈದಾನಕ್ಕೆ ಕಾಲಿಟ್ಟ ದಿನವೇ ಆ ಮಾತು ಕೇಳಿದವಳಿಗೆ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಹಣವೂ ಕಡಿಮೆ, ಕ್ಯಾಮೆರಾಗಳೂ ಕಡಿಮೆ. ಹಾಗಾಗಿ ಆ ತಂಡಗಳ ಒಳಗೆ ಒಬ್ಬರನ್ನೊಬ್ಬರು ಕಾಯುವ ಅಭ್ಯಾಸ ಬೆಳೆಯಿತು. ಹುಡುಗರಿಗೆ ಆಗುವುದು ಇದರ ತಿರುವುಮುರುವು. ಆಟ ಎಂದರೆ ಗಂಡಸುತನ ತೋರಿಸುವ ಜಾಗ ಎಂದು ಚಿಕ್ಕಂದಿನಿಂದ ಕಲಿಸಿರುತ್ತೇವೆ. ಸಲಿಂಗಿ ಗಂಡಸು ಗಂಡಸೇ ಅಲ್ಲ ಎಂದು ಅದರ ಜೊತೆಗೇ ಕಲಿಸಿರುತ್ತೇವೆ.

ಎಲ್ಲರೂ ಒಪ್ಪಿದ್ದಾರಾ?

ಇಲ್ಲ. 2022ರ ಜುಲೈನಲ್ಲಿ ಆಸ್ಟ್ರೇಲಿಯದ ಮ್ಯಾನ್ಲಿ ರಗ್ಬಿ ಲೀಗ್ ತಂಡ, ಸಲಿಂಗಿಗಳಿಗೆ ಬೆಂಬಲದ ಗುರುತಾದ ಕಾಮನಬಿಲ್ಲಿನ ಬಣ್ಣದ ಪಟ್ಟಿ ಇರುವ ಜರ್ಸಿ ತಂದಾಗ ಏಳು ಆಟಗಾರರು ಧರ್ಮದ ಕಾರಣ ಹೇಳಿ ಆ ಪಂದ್ಯ ಆಡಲಿಲ್ಲ. ತಮ್ಮನ್ನು ಕೇಳದೆ ತಂದರು ಎನ್ನುವ ಬೇಸರವೂ ಅಲ್ಲಿತ್ತು. ಕ್ಲಬ್ ಕ್ಷಮೆ ಕೇಳಿತು. ಅದೇ ವರ್ಷ ಕತಾರ್ ವಿಶ್ವಕಪ್‌ನಲ್ಲಿ ಏಳು ಯುರೋಪಿಯನ್ ತಂಡಗಳ ನಾಯಕರು ಬೆಂಬಲದ ತೋಳಪಟ್ಟಿ ಧರಿಸಲು ಹೊರಟರು. ಹಳದಿ ಕಾರ್ಡ್ ಬೀಳಬಹುದು ಎಂದು ಗೊತ್ತಾದಾಗ ಕೈಬಿಟ್ಟರು. ಜರ್ಸಿ, ಪಟ್ಟಿ, ಶೂ ದಾರಗಳ ಬಗ್ಗೆ ಜಗಳ ನಡೆಯುತ್ತಲೇ ಇದೆ. ನನ್ನ ಅನಿಸಿಕೆಯಲ್ಲಿ ಅದು ಮೇಲ್ಪದರದ ಮಾತು. ಪಕ್ಕದಲ್ಲಿ ಕೂತವನನ್ನು ಹೇಗೆ ನಡೆಸಿಕೊಳ್ಳುತ್ತೀರಿ ಎನ್ನುವುದೇ ಇಲ್ಲಿ ಮುಖ್ಯ.

ಕ್ರಿಕೆಟಿಗರಿಗೆ ಇನ್ನೊಂದು ತೊಡಕಿದೆ. ಸಲಿಂಗ ಸಂಬಂಧ ಅಪರಾಧ ಎನ್ನುವ, ಬ್ರಿಟಿಷರು ಬಿಟ್ಟುಹೋದ ಹಳೆಯ ಕಾನೂನು ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ಇನ್ನೂ ಇದೆ. ಯುಎಇಯಲ್ಲೂ ಸಲಿಂಗ ಸಂಬಂಧಕ್ಕೆ ಶಿಕ್ಷೆ ಇದೆ. ಸಲಿಂಗಿ ಎಂದು ಹೇಳಿಕೊಂಡ ಆಟಗಾರ ಸರಣಿಗೆಂದು ಹೋಗಬೇಕಾದದ್ದು ಈ ದೇಶಗಳಿಗೇ.

ನಮ್ಮ ದೇಶದಲ್ಲಿ ಕಾನೂನು ಏನು ಹೇಳುತ್ತದೆ?

ಅದೇ ಹಳೆಯ ಕಾನೂನು, ದಂಡ ಸಂಹಿತೆಯ 377ನೇ ಕಲಂ, ನಮ್ಮಲ್ಲೂ ಇತ್ತು. 2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲ ಎಂದಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಮೂರ್ತಿಗಳ ಪೀಠ ಕೊನೆಗೂ ಅದನ್ನು ಅಪರಾಧದಿಂದ ಹೊರತೆಗೆಯಿತು. ದ್ಯುತಿ ಚಂದ್ ಬಾಯಿಬಿಟ್ಟದ್ದು ಈ ತೀರ್ಪಿನ ಮರುವರ್ಷ. ಮದುವೆಗೆ ಮಾತ್ರ ಕಾನೂನಿನ ಮನ್ನಣೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಕೋರ್ಟ್ ಅದನ್ನು ಕೊಡಲಿಲ್ಲ. ಸಿವರ್-ಬ್ರಂಟ್ ದಂಪತಿಯಂತೆ ನಮ್ಮ ಆಟಗಾರ್ತಿಯರು ಇಲ್ಲಿ ಮದುವೆ ನೋಂದಾಯಿಸಲು ಆಗುವುದಿಲ್ಲ.

"ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಸರಿಯಾಗುತ್ತದೆ" ಎನ್ನುವ ಮಾತು ನಮ್ಮ ಕಡೆ ಈಗಲೂ ಕೇಳುತ್ತದೆ. ಹಾಗೆ "ಬದಲಾಯಿಸುವ" ಚಿಕಿತ್ಸೆ ಮಾಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ದಯವಿಟ್ಟು ಮಕ್ಕಳನ್ನು ಅಂಥ ಕಡೆ ಕರೆದುಕೊಂಡು ಹೋಗಬೇಡಿ.

ಭಾರತದ ಪುರುಷರ ಕ್ರಿಕೆಟ್ ತಂಡದಲ್ಲಿ ಆಡುತ್ತಿರುವಾಗಲೇ ಹೀಗೆ ಹೇಳಿಕೊಂಡವರು ಈವರೆಗೆ ಒಬ್ಬರೂ ಇಲ್ಲ.

ನಮ್ಮೂರ ಅಂಕಣದಲ್ಲಿ

ದೊಡ್ಡ ಆಟಗಾರರೆಲ್ಲ ಸಣ್ಣ ಅಂಕಣದಲ್ಲೇ ಶುರುಮಾಡಿದವರು. ಕಾಸರಗೋಡಿನ ಕಡೆ ಅದು ಕಬಡ್ಡಿಯ ಅಂಕಣ, ಸೆವೆನ್ಸ್ ಫುಟ್‌ಬಾಲಿನ ಮೈದಾನ. ಯಾವುದಾದರೂ ಹೊನಲು ಬೆಳಕಿನ ಪಂದ್ಯಾಟಕ್ಕೆ ಹೋಗಿ ನಿಂತು ಕೇಳಿ. ರೈಡಿಗೆ ಹೋದ ಹುಡುಗ ಗೆರೆ ಮುಟ್ಟಿ ಬರಿಗೈಲಿ ಹಿಂದೆ ಬಂದರೆ ಬೇಲಿಯಾಚೆಯಿಂದ ಕೂಗು ಬರುತ್ತದೆ: "ಬಳೆ ಹಾಕ್ಕೊಂಡು ಮನೇಲಿ ಕೂತ್ಕೋ!" ಎಲ್ಲರೂ ನಗುತ್ತಾರೆ. ಕೂಗಿದವನಿಗೆ ಕೆಟ್ಟ ಮನಸ್ಸು ಇರಲಿಕ್ಕಿಲ್ಲ. ಆದರೆ ಆ ಅಂಕಣದೊಳಗೆ, ಯಾರಿಗೂ ಹೇಳದೆ ತನ್ನೊಳಗೇ ಇಟ್ಟುಕೊಂಡ ಹದಿನಾರರ ಹುಡುಗನೊಬ್ಬ ಇದ್ದರೆ ಅವನಿಗೆ ಆ ಕೂಗು ಬೇರೆಯೇ ರೀತಿ ಕೇಳುತ್ತದೆ. ಗೊತ್ತಾದರೆ ಇವರೆಲ್ಲ ಏನು ಮಾಡುತ್ತಾರೆ ಎಂದು ಅವನು ಅಲ್ಲೇ ಕಲಿತುಬಿಡುತ್ತಾನೆ. ಮುಂದಿನ ವರ್ಷ ಕ್ಲಬ್ಬಿಗೆ ಬರುವುದನ್ನೇ ಬಿಡುತ್ತಾನೆ. ಯಾಕೆಂದು ಕೇಳಿದರೆ ಓದು ಎನ್ನುತ್ತಾನೆ.

ಕ್ಲಬ್ಬಿನ ಹಿರಿಯರು ಇಲ್ಲಿ ಮಾಡಬಹುದಾದದ್ದು ಸಣ್ಣದು. ಅಂಥ ಕೂಗು ಬಂದಾಗ ನಗದಿರುವುದು. ಮೈಕ್ ಹಿಡಿದ ವೀಕ್ಷಕ ವಿವರಣೆಕಾರರು ಅದಕ್ಕೆ ದನಿಗೂಡಿಸದಿರುವುದು. ನಾಯಕನಾದವನು ತನ್ನ ಹುಡುಗರಿಗೆ ಒಂದು ಮಾತು ಹೇಳುವುದು. ಯಾರು ಸಲಿಂಗಿ ಎಂದು ಹುಡುಕಿಕೊಂಡು ಹೋಗುವ ಕೆಲಸ ಯಾರಿಗೂ ಬೇಡ.

ಯಾರಾದರೂ ತಾನಾಗಿ ಬಂದು ನಿಮ್ಮಲ್ಲಿ ಹೇಳಿಕೊಂಡರೆ ಅದು ನಿಮ್ಮಲ್ಲೇ ಇರಲಿ. ಅವನ ಮನೆಯವರಿಗೂ ನೀವಾಗಿ ಹೇಳಬೇಡಿ. ಯಾರನ್ನು ಪ್ರೀತಿಸುತ್ತೇನೆ ಎನ್ನುವುದು ಒಬ್ಬರ ಖಾಸಗಿತನದ ಭಾಗ ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಯಾರಿಗೆ, ಯಾವಾಗ ಹೇಳಬೇಕು ಎನ್ನುವುದು ಅವನ ತೀರ್ಮಾನ.

ಹುಡುಗ ತೀರಾ ಕುಗ್ಗಿದ್ದಾನೆ ಅನ್ನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ. ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಕೇರಳ ಸರ್ಕಾರದ ದಿಶಾ ಸಹಾಯವಾಣಿಯ ಸಂಖ್ಯೆ 1056.